ಹೆಸರು ಎಲ್ಲರಿಗೂ, ಬೀಗದ ಕೈ ಇಬ್ಬರಿಗೆ: ಬಾವಿ ನೀರಿನ ಡೇಟಾ ಹಂಚಿಕೊಂಡ ನನ್ನ ಅನುಭವ

ನಮ್ಮ ಬಾವಿ ನೀರಿನ ಡೇಟಾದ ಹೊಸ ಆವೃತ್ತಿ ಹೋದ ತಿಂಗಳು ಝೆನೊಡೊದಲ್ಲಿ, ಅಂದರೆ ಸಂಶೋಧನೆಯ ಡೇಟಾ ಪ್ರಕಟಿಸುವ ಜಾಲತಾಣದಲ್ಲಿ, ಪ್ರಕಟವಾಯಿತು. ಜಗಳ ಇಲ್ಲ, ಬೊಬ್ಬೆ ಇಲ್ಲ. ಹೆಚ್ಚಿನ ಅಂಕಿ ಸೇರಿಸಿದ ಹುಡುಗಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿಯಾಗಿದೆ. ಅವಳ ಗೈಡ್ ರಿಟೈರ್ ಆಗಿದ್ದಾರೆ. ನಾನು ಆ ವಾರ ಜ್ವರ ಬಂದು ಮಲಗಿದ್ದೆ. ಆದರೂ ಕೆಲಸ ನಿಲ್ಲಲಿಲ್ಲ. ಬೇರೆ ಬೇರೆ ಸಂಸ್ಥೆಯವರು ಸೇರಿ ಒಂದೇ ಡೇಟಾ ನೋಡಿಕೊಳ್ಳುತ್ತೇವೆ ಅಂದಾಗ "ಇದೆಲ್ಲ ನಡೆಯುವ ಮಾತಲ್ಲ ಮಾರಾಯ್ರೆ" ಅಂತ ಮೀಟಿಂಗಿನಲ್ಲಿ ನಕ್ಕವರೇ ಈಗ ಫೋನ್ ಮಾಡಿ ಯಾರಿಗೆ ಯಾವ ಪರ್ಮಿಷನ್ ಕೊಟ್ಟಿದ್ದೀರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನಿಸಿತು.

ಕೆಲಸ ಏನಂತ ಈ ಕಡೆಯವರಿಗೆ ಗೊತ್ತು. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ, ಹೂಡೆ, ಕೆಮ್ಮಣ್ಣು, ಆ ಕಡೆ ನೇತ್ರಾವತಿ ದಡದ ಉಳ್ಳಾಲ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಬಾವಿಗಳಲ್ಲಿ ಉಪ್ಪು ಎಷ್ಟು ಏರುತ್ತದೆ ಅಂತ ಅಳೆಯುತ್ತೇವೆ. ಎರಡು ಕಾಲೇಜು, ಒಂದು ಯುವಕ ಮಂಡಲ, ಒಬ್ಬರು ನಿವೃತ್ತ ಇಂಜಿನಿಯರ್. ಬಾವಿಗಳು ನೂರ ಇಪ್ಪತ್ತರ ಆಸುಪಾಸು. ಅಳೆಯುವುದು ಸುಲಭ. ಅಳೆದದ್ದು ಯಾರದ್ದು, ಅದನ್ನು ಯಾರು ಮುಟ್ಟಬಹುದು ಅನ್ನುವುದೇ ಮಂಡೆಬಿಸಿ.

ಮೊದಲ ಬೇಸಿಗೆಯಲ್ಲಿ ಒಂದೇ ಶೀಟ್, ಎಲ್ಲರಿಗೂ ತಿದ್ದುವ ಹಕ್ಕು. ನಂಬಿಕೆ ಮೇಲೆ ನಡೆಯಲಿ ಅಂತ ಎಲ್ಲರೂ ಸೇರಿ ಒಪ್ಪಿದ್ದು. ಏಪ್ರಿಲ್ ಕೊನೆಗೆ ಹೂಡೆಯ ಒಂದು ಬಾವಿಯಲ್ಲಿ ಕಂಡಕ್ಟಿವಿಟಿ (ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಏರುವ ಅಳತೆ) 4200 ಮೈಕ್ರೋಸೀಮೆನ್ಸ್ ಬಂತು. ಹಿಂದಿನ ತಿಂಗಳು ಅದೇ ಬಾವಿ 400ರ ಒಳಗಿತ್ತು. ಯಾರೋ ನೋಡಿ, ಸೊನ್ನೆ ಒಂದು ಜಾಸ್ತಿ ಬಿದ್ದಿದೆ ಅಂದುಕೊಂಡು 420 ಮಾಡಿಟ್ಟರು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಆದರೆ ನಾವು ಇಡೀ ಬೇಸಿಗೆ ಕಾದದ್ದೇ ಆ ಸೊನ್ನೆಗೆ! ಪುಣ್ಯಕ್ಕೆ ಮಂಡಲದ ಹುಡುಗ ಮೀಟರಿನ ಫೋಟೊ ತೆಗೆದಿಟ್ಟಿದ್ದ. 4.20, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಮಿಲಿಸೀಮೆನ್ಸ್ ಗುರುತು, ಅಂದರೆ 4200 ಮೈಕ್ರೋಸೀಮೆನ್ಸೇ ಸರಿ. ತಿದ್ದಿದವರು ಯಾರು ಅಂತ ಹಿಸ್ಟರಿ ತೆಗೆದರೆ ಲ್ಯಾಬ್ ಕಂಪ್ಯೂಟರಿನ ಐಡಿ. ಅದರ ಮುಂದೆ ಕೂರುವವರು ಐದಾರು ಜನ.

ಅದೇ ಶೀಟಿನಲ್ಲಿ ಇನ್ನೊಂದು ರಗಳೆ. ಮೂರನೇ ವಾರ್ಡಿನ ಏಳನೇ ಬಾವಿಗೆ 3-7 ಅಂತ ನಂಬರ್ ಕೊಟ್ಟಿದ್ದೆವು. ಯಾರಾದರೂ ಫೈಲ್ ತೆರೆದು ಸೇವ್ ಮಾಡಿದರೆ ಅದು ತಾರೀಕಾಗಿ ಕೂರುತ್ತಿತ್ತು. ನಮಗೊಬ್ಬರಿಗೇ ಬಂದ ಕಷ್ಟ ಅಲ್ಲ ಬಿಡಿ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರೇ ಎಕ್ಸೆಲ್ ತಾರೀಕು ಮಾಡುತ್ತದೆ ಅಂತ ಕೆಲವು ಜೀನ್‌ಗಳ ಹೆಸರು ಬದಲಿಸಿದರು, 2020ರಲ್ಲಿ ಅದನ್ನು ನಿಯಮವನ್ನಾಗಿಯೂ ಬರೆದರು. ನಾವು ಊರಿನ ಮೊದಲ ಅಕ್ಷರ ಸೇರಿಸಿ ಹೂ307 ಮಾಡಿದೆವು. ಅಲ್ಲಿಗೆ ಮುಗಿಯಿತು.

ಎರಡನೇ ಬೇಸಿಗೆ ಅದಕ್ಕೆ ಉಲ್ಟಾ. ತಿದ್ದುವ ಹಕ್ಕು ಇಂಜಿನಿಯರ್ ಸರ್ ಒಬ್ಬರಿಗೇ. ಅವರು ಮಗನ ಮನೆಗೆ ದುಬೈಗೆ ಹೋದರು, ಒಂದೂವರೆ ತಿಂಗಳು ಎಲ್ಲ ಬಂದ್. ಅಷ್ಟರಲ್ಲಿ ಹಳೆ ಫೋಟೊಗಳಿದ್ದ ಫೋಲ್ಡರ್ ಕೂಡ ಲಗಾಡಿ ಹೋಯಿತು. ಅದರ ಮಾಲೀಕತ್ವ ಒಬ್ಬ ವಿದ್ಯಾರ್ಥಿಯ ಕಾಲೇಜ್ ಮೇಲ್ ಐಡಿಯಲ್ಲಿತ್ತು. ಅವನು ಪಾಸಾದ, ಐಡಿ ಮುಚ್ಚಿತು, ಫೋಲ್ಡರ್ ಹೋಯಿತು. ನಾವೆಲ್ಲ ಎಡಿಟರ್‌ಗಳೇ, ಆದರೆ ಎಡಿಟರ್ ಆಗಿದ್ದು ಪ್ರಯೋಜನ ಎಂತ? ಮಾಲೀಕರ ಖಾತೆ ಹೋದರೆ ಮುಗಿಯಿತಲ್ಲ.

ಆಗ ಒಂದು ಸಾಫ್ಟ್‌ವೇರ್ ಕಂಪನಿಯವರನ್ನು ಕರೆಸಿದೆವು. ಸ್ವಂತ ಪೋರ್ಟಲ್, ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಎಲ್ಲ ಮಾಡಿಕೊಡುತ್ತೇವೆ ಅಂದರು. ಎರಡು ಲಕ್ಷದ ಹತ್ತಿರ, ಮೇಲಿಂದ ವರ್ಷಕ್ಕೆ ನಲವತ್ತು ಸಾವಿರ ಮೆಂಟೆನೆನ್ಸ್. ನಮ್ಮ ಹತ್ತಿರ ಇದ್ದದ್ದು ಎಲ್ಲ ಸೇರಿ ಅರುವತ್ತು ಸಾವಿರ, ಅದರಲ್ಲೂ ಪೆಟ್ರೋಲ್ ಹೋಗಬೇಕು. ಚಹಾ ಕುಡಿಸಿ ಕಳಿಸಿದೆವು.

ಈಗ ನಡೆಯುತ್ತಿರುವುದು ಹೀಗೆ.

ಕಚ್ಚಾ ಡೇಟಾಕ್ಕೆ ಸೇರಿಸಬಹುದು, ತಿದ್ದುವ ಹಾಗಿಲ್ಲ. ಯಾರೂ, ನಾನೂ ಸಹ. ಫೀಲ್ಡಿನಿಂದ ಫಾರ್ಮ್ ತುಂಬಿಸಿದರೆ ಸಾಲು ಬಂದು ಕೂರುತ್ತದೆ, ಆ ಶೀಟ್ ಲಾಕ್. ತಪ್ಪು ಕಂಡರೆ ಇನ್ನೊಂದು ಶೀಟ್ ಉಂಟು, ತಿದ್ದುಪಡಿಗೆಂದೇ. ಬಾವಿ ನಂಬರ್, ಹಳೆ ಅಂಕಿ, ಹೊಸ ಅಂಕಿ, ಕಾರಣ, ಹೆಸರು, ತಾರೀಕು. ಕಾರಣದ ಕಾಲಂ ಖಾಲಿ ಇದ್ದರೆ ಆ ತಿದ್ದುಪಡಿ ಲೆಕ್ಕಕ್ಕಿಲ್ಲ. ಸ್ಕ್ರಿಪ್ಟ್, ಅಂದರೆ ಒಂದು ಚಿಕ್ಕ ಪ್ರೋಗ್ರಾಂ, ಎರಡನ್ನೂ ಸೇರಿಸಿ ಪ್ರಕಟಿಸುವ ಸಿಎಸ್‌ವಿ (ಸರಳ ಕೋಷ್ಟಕದ ಫೈಲ್) ತಯಾರು ಮಾಡುತ್ತದೆ. ಹಾಗಾಗಿ ತಿದ್ದುವ ಅವಕಾಶ ಎಲ್ಲರಿಗೂ ಉಂಟು, ಕಚ್ಚಾ ಅಂಕಿಗೆ ಕೈ ಹಾಕುವ ಅವಕಾಶ ಯಾರಿಗೂ ಇಲ್ಲ. ಹೂಡೆಯ ಸೊನ್ನೆಯಂಥದ್ದು ಆಮೇಲೆ ಇನ್ನೂ ಎರಡು ಬಾರಿ ಬಂತು, ಎರಡೂ ಬಾರಿ ಆ ಶೀಟಿನಲ್ಲೇ ಸಿಕ್ಕಿಬಿತ್ತು. ಕೆಲವು ಬಾವಿಗಳನ್ನು ನಾನು ಕಾವಲಿಗೆ ಇಟ್ಟುಕೊಂಡಿದ್ದೇನೆ. ಅವುಗಳ ಅಂಕಿ ಅಲುಗಿದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಯಾವ ಬಾವಿಗಳು, ಹೇಗೆ ಆರಿಸಿದ್ದು ಅಂತ ನಮ್ಮ ತಂಡಕ್ಕೇ ಹೇಳಿಲ್ಲ, ಇಲ್ಲೂ ಹೇಳಲ್ಲ.

ಕೆಲಸದ ಜಾಗ ಓಎಸ್‌ಎಫ್ (ಓಪನ್ ಸೈನ್ಸ್ ಫ್ರೇಮ್‌ವರ್ಕ್), ಸಂಶೋಧಕರು ಸೇರಿ ಫೈಲ್ ಇಟ್ಟು ಕೆಲಸ ಮಾಡುವ ಜಾಲತಾಣ. ಅಲ್ಲಿ ಮೂರು ಮಟ್ಟ: ಓದುವುದು, ಓದಿ ಬರೆಯುವುದು, ಅಡ್ಮಿನ್. ಪ್ರಾಜೆಕ್ಟಿನ ಒಳಗೆ ಕಾಂಪೊನೆಂಟ್ ಮಾಡಿ ಒಂದೊಂದಕ್ಕೆ ಬೇರೆ ಬೇರೆ ಜನರನ್ನು ಇಡಬಹುದು. ಹೂಡೆ ತಂಡ ಹೂಡೆ ಕಾಂಪೊನೆಂಟಿನಲ್ಲಿ ಬರೆಯುತ್ತದೆ, ಉಳ್ಳಾಲದ್ದನ್ನು ಓದುತ್ತದೆ ಅಷ್ಟೇ. ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಒಬ್ಬರ ಹೆಸರು ಸೈಟೇಷನ್‌ನಲ್ಲಿ (ಡೇಟಾ ಬಳಸಿದವರು ಕೊಡುವ ಉಲ್ಲೇಖದಲ್ಲಿ) ಬರಬೇಕಾ ಬೇಡವಾ ಅನ್ನುವುದು ಬೇರೆಯೇ ಟಿಕ್. ಅವರಿಗೆ ಯಾವ ಹಕ್ಕು ಉಂಟು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಅರ್ಧ ಜಗಳ ಅಲ್ಲೇ ಕರಗಿತು. ಎಡಿಟ್ ಹಕ್ಕು ಬೇಕು ಅಂತ ಜೋರು ಮಾಡುತ್ತಿದ್ದವರಿಗೆ ನಿಜವಾಗಿ ಬೇಕಾಗಿದ್ದದ್ದು ಹೆಸರು! ಹೆಸರು ಧಾರಾಳ ಕೊಟ್ಟೆವು. ಬಾವಿ ತೋರಿಸಿ, ಹಗ್ಗ ಹಿಡಿದು ನಿಂತ ಮಂಡಲದ ಹುಡುಗರ ಹೆಸರೂ ಉಂಟು. ಆಮೇಲೆ ಎಡಿಟ್ ಹಕ್ಕು ಕೇಳಿದವರು ಒಬ್ಬರೇ, ಅವರಿಗೂ ಎರಡು ವಾರದಲ್ಲಿ ಬೇಡವಾಯಿತು.

ಅಡ್ಮಿನ್ ಇಬ್ಬರು, ಬೇರೆ ಬೇರೆ ಸಂಸ್ಥೆಯವರೇ ಆಗಬೇಕು. ಒಂದೇ ಡಿಪಾರ್ಟ್‌ಮೆಂಟಿನ ಇಬ್ಬರು ಒಬ್ಬರಿದ್ದ ಹಾಗೆ. ಪ್ರಿನ್ಸಿಪಾಲ್ ಒಂದು ಮಾತು ಹೇಳಿದರೆ ಇಬ್ಬರೂ ತಲೆ ಆಡಿಸುತ್ತಾರೆ. ಉಡುಪಿಯಿಂದ ನಾನು, ಮಂಗಳೂರಿನಿಂದ ಒಬ್ಬ ಮೇಡಂ. ಇಂಜಿನಿಯರ್ ಸರ್‌ಗೆ ಓದುವ ಹಕ್ಕು ಮಾತ್ರ, ಹೆಸರು ಮೊದಲ ಸಾಲಿನಲ್ಲಿ. ಮೊದಲು ಮುಖ ಸಣ್ಣ ಮಾಡಿಕೊಂಡರು. ಅವರಿಗೆ ಹೇಳಿದ್ದು ಇಷ್ಟೇ: ಕುಟುಂಬದ ಮನೆಯಲ್ಲಿ ಎಲ್ಲರಿಗೂ ಪಾಲುಂಟು, ಬೀಗದ ಕೈ ಯಜಮಾನರ ಹತ್ತಿರ ಇರುತ್ತದೆ, ಅದಕ್ಕೆ ಉಳಿದವರ ಪಾಲು ಹೋಯಿತಾ ಸರ್? ಅವರದು ದೊಡ್ಡ ಕುಟುಂಬ. ಮರುಮಾತಾಡಲಿಲ್ಲ.

ಪ್ರಕಟಣೆಗೆ ಝೆನೊಡೊ. ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನವರು 2013ರಿಂದ ನಡೆಸುತ್ತಿರುವುದು, ಪುಕ್ಕಟೆ, ಒಂದು ರೆಕಾರ್ಡಿಗೆ 50 ಜಿಬಿ. ಹಿಂದೆಲ್ಲ, ಅಪ್‌ಲೋಡ್ ಮಾಡಿದ ಖಾತೆಯವರು ಮಾತ್ರ ತಿದ್ದಬಹುದಿತ್ತು. ನಮ್ಮನ್ನು ನೋಡಿ ನಕ್ಕವರ ತಲೆಯಲ್ಲಿ ಇದ್ದದ್ದು ಆ ಹಳೆ ಝೆನೊಡೊ. 2023ರ ಅಕ್ಟೋಬರಿನಲ್ಲಿ ಹೊಸ ವ್ಯವಸ್ಥೆಗೆ ಬದಲಾದ ಮೇಲೆ ಶೇರ್ ಬಟನ್ ಬಂತು. ಬೇರೆಯವರಿಗೆ ನೋಡುವ, ತಿದ್ದುವ, ಪರ್ಮಿಷನ್ ನಿರ್ವಹಿಸುವ ಹಕ್ಕು ಕೊಡಬಹುದು, ಮುಂದಿನ ಆವೃತ್ತಿಗಳಿಗೂ ಅದೇ ಮುಂದುವರಿಯುತ್ತದೆ. ನನಗೆ ಜ್ವರ ಇದ್ದಾಗ ಮೇಡಂ ಆವೃತ್ತಿ ಏರಿಸಿದ್ದು ಹೀಗೆ. ಅಲ್ಲಿ ಪ್ರಕಟವಾದ ಫೈಲ್ ಬದಲಿಸಬೇಕಾದರೆ ಹೊಸ ಆವೃತ್ತಿ ಮಾಡಬೇಕು, ಅದಕ್ಕೆ ಹೊಸ ಡಿಒಐ, ಅಂದರೆ ಶಾಶ್ವತ ಗುರುತಿನ ನಂಬರ್. ಹಳೆಯದು ಹಳೆಯ ಜಾಗದಲ್ಲೇ ಇರುತ್ತದೆ. ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು ಡಿಒಐ ಇರುತ್ತದೆ, ನಾವು ಪೇಪರಿನಲ್ಲಿ ಕೊಡುವುದು ಬಳಸಿದ ಆವೃತ್ತಿಯದ್ದೇ.

ಮಧ್ಯೆ ಬೇರೆ ಆಟಗಳನ್ನೂ ಆಡಿದೆವು. ಡೇಟಾ ಪ್ರಕಟಿಸುವ ಇನ್ನೊಂದು ಸಾಫ್ಟ್‌ವೇರ್ ಆದ ಡಾಟಾವರ್ಸ್‌ನ ಡೆಮೊ ಸರ್ವರಿನಲ್ಲಿ ಎರಡು ಸಂಜೆ ಕೂತೆ. ಕಾಂಟ್ರಿಬ್ಯೂಟರ್ ಆದವರು ಡ್ರಾಫ್ಟ್ ಮಾಡಿ ಪರಿಶೀಲನೆಗೆ ಕಳಿಸಬೇಕು, ಪ್ರಕಟಿಸಲು ಆಗುವುದಿಲ್ಲ. ಕ್ಯುರೇಟರ್ ನೋಡಿ ಪ್ರಕಟಿಸಬಹುದು, ಇಲ್ಲವೇ ವಾಪಸ್ ಕಳಿಸಬಹುದು. ಚಂದದ ವ್ಯವಸ್ಥೆ. ಆದರೆ ಸ್ವಂತ ಸರ್ವರ್ ಹಾಕಿ ಅದನ್ನು ನೋಡಿಕೊಳ್ಳುವ ಜನ ನಮ್ಮಲ್ಲಿಲ್ಲ. ಆ ವಾಪಸ್ ಕಳಿಸುವ ಪದ್ಧತಿಯನ್ನು ಮಾತ್ರ ಎತ್ತಿಕೊಂಡೆವು. ಒಬ್ಬ ವಿದ್ಯಾರ್ಥಿ ಎಲ್ಲವನ್ನೂ ಪ್ರೋಗ್ರಾಂ ಬರೆಯುವವರು ಬಳಸುವ ಗಿಟ್‌ಹಬ್‌ಗೆ ಹಾಕೋಣ ಅಂದ. ಒಂದು ಫೈಲ್ 100 ಎಂಬಿ ದಾಟಿದರೆ ಅದು ಒಪ್ಪುವುದಿಲ್ಲ. ಅದು ಹೋಗಲಿ, ಮರ್ಜ್ (ಬೇರೆ ಬೇರೆಯವರ ತಿದ್ದುಪಡಿ ಒಂದುಗೂಡಿಸುವುದು) ಅಂದ ಕೂಡಲೇ ನಮ್ಮ ಅರ್ಧ ಸ್ಟಾಫ್ ಚಹಾಕ್ಕೆ ಏಳುತ್ತಾರೆ. ಸ್ಕ್ರಿಪ್ಟ್ ಮಾತ್ರ ಅಲ್ಲಿಟ್ಟೆವು. ಪ್ರತಿ ತಿದ್ದುಪಡಿಗೂ ವಾಟ್ಸಾಪಿನಲ್ಲಿ ವೋಟ್ ಹಾಕಿಸಿಯೂ ನೋಡಿದೆವು. ಗುಡ್ ಮಾರ್ನಿಂಗ್ ಹೂಗಳ ಮಧ್ಯೆ ಅದು ಎರಡನೇ ವಾರಕ್ಕೇ ಸತ್ತಿತು.

ಖರ್ಚಿನ ಲೆಕ್ಕ ಬಾಯಲ್ಲಿದ್ದಷ್ಟು ಹೇಳುತ್ತೇನೆ. ಪೆನ್ ಮೀಟರ್ ಆರು, ಒಂದಕ್ಕೆ ಸಾವಿರದ ಎಂಟುನೂರರ ಹಾಗೆ. ಹಾರ್ಡ್ ಡಿಸ್ಕ್ ಎರಡು, ಒಂಬತ್ತು ಸಾವಿರ. ಸ್ವಂತ ಡೊಮೇನ್ ವರ್ಷಕ್ಕೆ ಒಂಬೈನೂರೋ ಸಾವಿರವೋ. ಪೆಟ್ರೋಲ್, ಬೆಂಗ್ರೆಯ ದೋಣಿ, ಹುಡುಗರ ತಿಂಡಿ ಸೇರಿ ಬೇಸಿಗೆಗೆ ಇಪ್ಪತ್ತೈದು ಸಾವಿರ. ಡೇಟಾ ಇಡುವ ಈ ಜಾಲತಾಣಗಳಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಓಎಸ್‌ಎಫ್‌ನಲ್ಲಿ ಖಾಸಗಿ ಪ್ರಾಜೆಕ್ಟಿಗೆ 5 ಜಿಬಿ ಮಿತಿ, ಮೀಟರಿನ ಫೋಟೊಗಳು ಅದನ್ನು ದಾಟುತ್ತಿದ್ದವು. ಸೈಜ್ ಇಳಿಸಿ ಹಾಕಿದೆವು, ಅಂಕಿ ಕಂಡರೆ ಸಾಕಲ್ವಾ.

ಡೊಮೇನ್ ಯಾಕೆ ಅಂದರೆ, ಅದರಲ್ಲಿ ನಮ್ಮದೇ ಮೇಲ್ ಐಡಿ ಇರಲಿ, ಯಾರೂ ಕಾಲೇಜ್ ಮೇಲ್ ಒಂದನ್ನೇ ನಂಬಿ ಖಾತೆ ತೆರೆಯಬಾರದು ಅಂತ. ಸಂಶೋಧಕರ ಗುರುತಿನ ನಂಬರ್ ಆದ ಓರ್ಕಿಡ್ ಐಡಿಗೂ ಇದೇ ಮಾತು. ಅದಕ್ಕೆ ಎರಡನೇ ಮೇಲ್ ಸೇರಿಸಲು ಬರುತ್ತದೆ, ಹುಡುಗರ ಪಕ್ಕ ಕೂತು ಸೇರಿಸಿಸಿದೆ. ಬೆಂಗಳೂರಿಗೆ ಹೋದ ಹುಡುಗಿಯ ಹೆಸರು, ಐಡಿ, ಲಾಗಿನ್ ಎಲ್ಲ ಸರಿಯಾಗಿ ಉಂಟು, ಬರೆಯುವ ಹಕ್ಕು ಓದುವ ಹಕ್ಕಾಗಿದೆ ಅಷ್ಟೇ. ಅದನ್ನು ಅವಳಿಗೆ ಮೊದಲೇ ಹೇಳಿಯೇ ಮಾಡಿದ್ದು.

ಕೆಮ್ಮಣ್ಣಿನ ಒಬ್ಬ ಅಕ್ಕ ಕೇಳಿದ ಪ್ರಶ್ನೆಗೆ ಮಾತ್ರ ಯಾವ ಬಟನ್ನಿನಲ್ಲೂ ಉತ್ತರ ಇರಲಿಲ್ಲ. "ನಮ್ಮ ಬಾವಿ ಉಪ್ಪು ಅಂತ ಇಂಟರ್ನೆಟ್ಟಿಗೆ ಹಾಕಿದ್ರೆ ಜಾಗಕ್ಕೆ ಗಿರಾಕಿ ಬರ್ತಾರಾ ಮಾಸ್ಟ್ರೆ?" ಸುಮ್ನೆ ಕೇಳಿದ್ದಲ್ಲ, ಮಗಳ ಮದುವೆಗೆ ಐದು ಸೆಂಟ್ಸ್ ಮಾರುವ ಯೋಚನೆ ಇತ್ತು. ಒಮ್ಮೆ ಪ್ರಕಟಿಸಿದರೆ ಹಳೆ ಆವೃತ್ತಿ ಉಳಿಯುತ್ತದೆ, ಆಮೇಲೆ ಯಾರು ಅಡ್ಮಿನ್ ಆಗಿದ್ದು ಏನು ಬಂತು? ಅಕ್ಷಾಂಶ ರೇಖಾಂಶದಲ್ಲಿ ದಶಾಂಶದ ಮೂರು ಅಂಕಿ ಕೊಟ್ಟರೆ ನೂರು ಮೀಟರಿನ ಒಳಗೆ ಮನೆ ಸಿಗುತ್ತದೆ. ಎರಡೇ ಕೊಟ್ಟರೆ ಒಂದು ಕಿಲೋಮೀಟರಿನ ಲೆಕ್ಕ. ಮೊದಲ ಆವೃತ್ತಿಯಿಂದಲೇ ಎರಡಕ್ಕೆ ನಿಲ್ಲಿಸಿದೆವು. ಸರಿಯಾದ ಜಾಗ ಇರುವ ಫೈಲ್ ಬೇರೆಯೇ ರೆಕಾರ್ಡಿನಲ್ಲಿ, ನಿರ್ಬಂಧಿತ. ಯಾರಾದರೂ ಕೇಳಿದರೆ ನಾನೂ ಮೇಡಂ ಇಬ್ಬರೂ ಒಪ್ಪಬೇಕು, ಮನೆಯವರನ್ನೂ ಕೇಳಬೇಕು. ಈವರೆಗೆ ಮೂರ್ನಾಲ್ಕು ಜನ ಕೇಳಿದರು, ಒಬ್ಬರಿಗೆ ಕೊಟ್ಟೆವು.

ಈಗ ಪಾಡ್ದನ (ತುಳು ಜಾನಪದ ಹಾಡು) ರೆಕಾರ್ಡ್ ಮಾಡುವ ಒಂದು ತಂಡದವರು ಇದನ್ನೇ ಹಾಗೇ ಎತ್ತಿಕೊಳ್ಳಬಹುದಾ ಅಂತ ಕೇಳುತ್ತಿದ್ದಾರೆ. ತಿದ್ದುಪಡಿ ಶೀಟ್ ಎತ್ತಿಕೊಳ್ಳಿ, ಇಬ್ಬರು ಅಡ್ಮಿನ್ ಇಟ್ಟುಕೊಳ್ಳಿ ಅಂದೆ. ಆದರೆ ಅಲ್ಲಿ ಹಾಡುವವರು ನಾಳೆ ಬೇಡ ಅಂದರೆ ತೆಗೆಯಬೇಕಾಗುತ್ತದೆ. ಡಿಒಐ ಬಿದ್ದ ತೆರೆದ ಫೈಲನ್ನು ಎಷ್ಟು ಜನ ಇಳಿಸಿಕೊಂಡಿರುತ್ತಾರೋ ಯಾರಿಗೆ ಗೊತ್ತು. ಧ್ವನಿ ಫೈಲುಗಳನ್ನು ನಿರ್ಬಂಧಿತ ರೆಕಾರ್ಡಿನಲ್ಲೇ ಇಡಿ, ವಿವರ ಮಾತ್ರ ತೆರೆಯಿರಿ, ಹಾಡುವವರಲ್ಲೇ ಒಬ್ಬರಿಗೆ ಪರ್ಮಿಷನ್ ನಿರ್ವಹಿಸುವ ಹಕ್ಕು ಕೊಡಿ ಅಂತ ಹೇಳಿದ್ದೇನೆ. ಕೊನೆಯ ಮಾತಿಗೆ ಅವರಿನ್ನೂ ಹೂಂ ಅಂದಿಲ್ಲ.