ಬೆಟ್ಟ ಹತ್ತದ ಕಾರು, ಮಸಿ ಕಟ್ಟಿದ ಮ್ಯಾನಿಫೋಲ್ಡ್

ಕಳೆದ ಕಾರ್ತಿಕದಲ್ಲಿ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದೆ. ಅರ್ಧ ದಾರಿ ಹತ್ತುವಷ್ಟರಲ್ಲಿ ಕಾರಿಗೆ ದಮ್ಮೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎರಡನೇ ಗೇರಿನಲ್ಲಿ ತೆವಳುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕರಿ ಹೊಗೆ. ಸ್ಕೂಟರಿನಲ್ಲಿ ಬರುತ್ತಿದ್ದ ಹೆಂಗಸೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ತುಂಬಾ ಬೇಜಾರಾಯಿತು.

ನನ್ನದು 2013ರ ಡೀಸೆಲ್ ಕಾರು. ಆಗ 92,000 ಕಿಲೋಮೀಟರ್ ಓಡಿತ್ತು. ಮಾರನೇ ದಿನ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಐದು ನಿಮಿಷ ನೋಡಿದವರು, "ಟರ್ಬೊ ಹೋಗಿದೆ ಸಾರ್, ಬದಲಾಯಿಸಲೇಬೇಕು" ಅಂದರು. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಮನಸ್ಸು ಒಪ್ಪಲಿಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ. ಅವರು ಟರ್ಬೊಗೆ ಗಾಳಿ ಹೋಗುವ ಹೋಸ್ ಬಿಚ್ಚಿ, ಒಳಗಿನ ಚಕ್ರದ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಪಕ್ಕಕ್ಕೆ ಒಂಚೂರು ಆಟ ಇತ್ತು, ಅದು ಇರಬೇಕಾದ್ದೇ. ಹಿಂದೆ ಮುಂದೆ ಆಡಲಿಲ್ಲ, ರೆಕ್ಕೆ ಎಲ್ಲೂ ಉಜ್ಜಿರಲಿಲ್ಲ. "ಟರ್ಬೊ ಚೆನ್ನಾಗೈತೆ ಕಣಣ್ಣ. ಇಂಜಿನ್ನಿಗೆ ಗಾಳಿ ಸಾಲ್ತಿಲ್ಲ. ಮೊದಲು ಇಜಿಆರ್ ಬಿಚ್ಚೋಣ" ಅಂದರು.

ಇಜಿಆರ್ ವಾಲ್ವ್ ಅಂದರೆ ಸೈಲೆನ್ಸರ್ ಕಡೆ ಹೋಗುವ ಸುಟ್ಟ ಗಾಳಿಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿನ ಒಳಕ್ಕೆ ಬಿಡುವ ಬಾಗಿಲು. ಇದರಿಂದ ಒಳಗೆ ಉರಿಯುವ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಹೊಗೆ ಕಡಿಮೆಯಾಗುತ್ತದೆ. ನಿಧಾನವಾಗಿ ಓಡಿಸುವಾಗ ಇದು ತೆರೆದಿರುತ್ತದೆ, ಪೂರ್ತಿ ಶಕ್ತಿ ಬೇಕಾದಾಗ ಮುಚ್ಚಿಕೊಳ್ಳಬೇಕು. ತೊಂದರೆ ಏನೆಂದರೆ, ಆ ಗಾಳಿಯ ಜೊತೆ ಮಸಿಯೂ ಬರುತ್ತದೆ. ಇನ್ನೊಂದು ಪೈಪಿನಿಂದ ಇಂಜಿನ್ ಆಯಿಲ್‌ನ ಹಬೆ ಬರುತ್ತದೆ. ಎರಡೂ ಸೇರಿದರೆ ಟಾರಿನ ಹಾಗೆ ಅಂಟುತ್ತದೆ.

ಭಾನುವಾರ ಬೆಳಗ್ಗೆ ಇಬ್ಬರೂ ಕೂತೆವು. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆವು. ವಾಲ್ವ್ ಹೊರಗೆ ಬಂದಾಗ ಅದು ಅರ್ಧ ತೆರೆದೇ ಸಿಕ್ಕಿಕೊಂಡಿತ್ತು. ಬೆಟ್ಟ ಹತ್ತುವಾಗಲೂ ಸುಟ್ಟ ಗಾಳಿ ಒಳಗೆ ನುಗ್ಗುತ್ತಿತ್ತು, ಒಳ್ಳೆ ಗಾಳಿಗೆ ಜಾಗವಿರಲಿಲ್ಲ. ಕರಿ ಹೊಗೆ ಬಂದದ್ದು ಅದಕ್ಕೇ.

ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ, ಬಿಚ್ಚಿದಾಗ ನಿಜಕ್ಕೂ ಗಾಬರಿಯಾಯಿತು. ಹೆಬ್ಬೆರಳು ತೂರಬೇಕಾದ ದಾರಿಯಲ್ಲಿ ಪೆನ್ಸಿಲ್ ಹೋಗುವಷ್ಟು ತೂತು ಉಳಿದಿತ್ತು. ನಮ್ಮೂರು ಮಂಡ್ಯದ ಕಡೆ. ಆಲೆಮನೆ ಕೊಪ್ಪರಿಗೆಯ ತಳದಲ್ಲಿ ಬೆಲ್ಲ ಸೀದು ಕೂತಿರುತ್ತದಲ್ಲ, ಹಾಗೇ ಇತ್ತು. ಮೇಲೆ ಜಿಡ್ಡು, ಒಳಗೆ ಗಟ್ಟಿ. ಕೆರೆದು ಪೇಪರಿನ ಮೇಲೆ ಸುರಿದರೆ ಎರಡು ಹಿಡಿ ಮಸಿ.

ಇಂಜಿನ್ ಹೆಡ್ಡಿನ ತೂತುಗಳಿಗೆ ಮೊದಲೇ ಬಟ್ಟೆ ತುರುಕಿದ್ದೆವು. ಗಟ್ಟಿ ಚೂರು ಸಿಲಿಂಡರಿಗೆ ಬಿದ್ದರೆ ಇನ್ನೊಂದು ದೊಡ್ಡ ಕೆಲಸ. ಎಷ್ಟು ಬಟ್ಟೆ ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು: ನಾಲ್ಕು. ಸೆನ್ಸರ್ ತೆಗೆದಿಟ್ಟು ಮ್ಯಾನಿಫೋಲ್ಡನ್ನು ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆ ಹಾಕಿದೆವು. ಬೇಗ ಆಗುತ್ತದೆ ಅಂತ ಕಾಸ್ಟಿಕ್ ಸೋಡ ಮಾತ್ರ ಹಾಕಬೇಡಿ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಇಜಿಆರ್ ವಾಲ್ವನ್ನು ಮುಳುಗಿಸಬಾರದು, ಅದರಲ್ಲಿ ಮೋಟಾರ್ ಇರುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿದೆವು. ಮಾರನೇ ದಿನ ಎಲ್ಲ ಒಣಗಿಸಿ, ನಾಲ್ಕೂ ಬಟ್ಟೆ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿದೆವು. ಮೆಕ್ಯಾನಿಕ್ ಕೂಲಿಯೂ ಸೇರಿ ಟರ್ಬೊಗೆ ಹೇಳಿದ್ದರ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಇಜಿಆರ್‌ಗೆ ತಗಡು ಹಾಕಿ ಮುಚ್ಚಿಬಿಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಕಿಸಲಿಲ್ಲ. ಮುಚ್ಚಿದರೆ ಹೆಚ್ಚುವ ನೈಟ್ರೋಜನ್ ಆಕ್ಸೈಡ್ ಹೊಗೆಯನ್ನು ಕುಡಿಯುವವರು ನಮ್ಮ ಊರಿನ ಮಕ್ಕಳೇ ಅಲ್ವಾ?

ಇಷ್ಟೆಲ್ಲ ಮಸಿ ಕಟ್ಟಿದ್ದು ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ನನ್ನ ಮನೆ ಸರಸ್ವತಿಪುರಂನಲ್ಲಿ, ಕೆಲಸ ಮೂರು ಕಿಲೋಮೀಟರ್ ಆಚೆ. ಬಿಸಿಯ ಮುಳ್ಳು ಅರ್ಧಕ್ಕೆ ಬರುವ ಮೊದಲೇ ಆಫೀಸು ಬರುತ್ತಿತ್ತು. ಇಂಜಿನ್ ನೀರು 85ರಿಂದ 90 ಡಿಗ್ರಿಗೆ ಬಂದ ಮೇಲೇ ಒಳಗೆ ಸರಿಯಾಗಿ ಉರಿಯುವುದು. ತಣ್ಣಗೆ ಓಡಿದರೆ ಮಸಿ ಜಾಸ್ತಿ, ಆಯಿಲಿಗೆ ನೀರಿನ ಪಸೆಯೂ ಸೇರುತ್ತದೆ. ಮೇಲಾಗಿ ಡೀಸೆಲ್ ಉಳಿಸುವ ಅಭ್ಯಾಸದಲ್ಲಿ ನಲವತ್ತರ ವೇಗಕ್ಕೇ ನಾಲ್ಕನೇ ಗೇರ್ ಹಾಕಿ ಎಳೆಯುತ್ತಿದ್ದೆ. ಕಾರು ಕಡಿಮೆ ಓಡಿದೆ, ಹಾಗಾಗಿ ಚೆನ್ನಾಗಿದೆ ಅಂದುಕೊಂಡಿದ್ದು ತಪ್ಪು.

ಈಗ ಹಾಲಿನ ಬೂತಿಗೆ ನಡೆದೇ ಹೋಗುತ್ತೇನೆ. ವಾರಕ್ಕೊಮ್ಮೆ ರಿಂಗ್ ರೋಡಿನಲ್ಲಿ, ಇಂಜಿನ್ ಬಿಸಿಯಾದ ಮೇಲೆ, ಅರ್ಧ ಗಂಟೆ 2,500 ಆರ್‌ಪಿಎಂ ಮೇಲೆ ಓಡಿಸುತ್ತೇನೆ. ಆಯಿಲನ್ನು ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಕಾರಿನ ಪುಸ್ತಕದಲ್ಲಿ ಬರೆದ ಗ್ರೇಡೇ. ಎದುರು ಮನೆಯವರು ಎರಡೂವರೆ ವರ್ಷ ಆಯಿಲ್ ಬದಲಾಯಿಸಿರಲಿಲ್ಲ. ಒಂದು ದಿನ ಆಯಿಲ್ ಪ್ರೆಷರ್ ದೀಪ ಹತ್ತಿತು. ಸಂಪ್, ಅಂದರೆ ಇಂಜಿನ್ನಿನ ತಳದ ಆಯಿಲ್ ತಟ್ಟೆ, ಇಳಿಸಿದರೆ ಆಯಿಲ್ ಎಳೆಯುವ ಜಾಲರಿ ತುಂಬಾ ಕರಿ ಗಸಿ. ಅಷ್ಟು ಗಸಿ ಕಟ್ಟಿದ ಇಂಜಿನ್ನಿಗೆ ಒಳಗನ್ನು ತೊಳೆಯುವ ಫ್ಲಶ್ ದ್ರವ ಸುರಿಯಬೇಡಿ. ಗಸಿ ಒಟ್ಟಿಗೆ ಕಿತ್ತು ಬಂದು ಅದೇ ಜಾಲರಿಗೆ ಕೂರುತ್ತದೆ. ಸಂಪ್ ಬಿಚ್ಚಿ ತೊಳೆದು, ಆಯಿಲು, ಫಿಲ್ಟರು ಎರಡನ್ನೂ ಬೇಗ ಬೇಗ ಎರಡು ಸಲ ಬದಲಾಯಿಸುವುದು ಒಳ್ಳೆಯದು.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್ ಕಾರು ಇದ್ದವರು ಡಿಪಿಎಫ್, ಅಂದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರಿನ, ದೀಪವನ್ನು ಕಡೆಗಣಿಸಬೇಡಿ. ಬಿಸಿಯಾಗಿ ಒಂದೇ ಸಮ ಓಡಿದರೆ ಅದರಲ್ಲಿ ಕೂತ ಮಸಿ ಸುಟ್ಟುಹೋಗುತ್ತದೆ. ಮಂಡ್ಯದ ನಮ್ಮ ಭಾವನ ಕಾರಿನಲ್ಲಿ ಅದು ಹತ್ತಿದಾಗ ಫೋನ್ ಮಾಡಿದರು. "ನಿಲ್ಲಿಸಬೇಡಿ ಭಾವ, ಹೈವೇ ಹಿಡಿದು ಬನ್ನಿ" ಅಂದೆ. ಒಂದೇ ವೇಗದಲ್ಲಿ ಬಂದರು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ದೀಪ ಆರಿತ್ತು.

ಹೋದ ತಿಂಗಳು, 98,000ಕ್ಕೆ, ಇಜಿಆರ್ ಮತ್ತೆ ಬಿಚ್ಚಿ ನೋಡಿದೆ. ತೆಳುವಾಗಿ ಒಣ ಮಸಿ ಇತ್ತು, ಜಿಡ್ಡು ಇರಲಿಲ್ಲ. ಬಟ್ಟೆಯಿಂದ ಒರೆಸಿದರೆ ಲೋಹ ಕಾಣಿಸಿತು. ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿ, ಸಂಜೆ ಅಮ್ಮನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆ.