ಇದ್ದ ಕೂದಲನ್ನು ಉಳಿಸಿಕೊಂಡ ಬಗೆ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಊರು ಕುಂದಾಪುರದ ಕಡೆ. ಗಿರಾಕಿಗಳಲ್ಲಿ ಮರಾಠಿಯವರಷ್ಟೇ ನಮ್ಮವರೂ ಇದ್ದಾರೆ: ಹೋಟೆಲಿನವರು, ಬ್ಯಾಂಕಿನವರು, ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವ ಹುಡುಗರು. ರಾತ್ರಿ ಶಟರ್ ಎಳೆಯುವ ಹೊತ್ತಿಗೆ, ಬೇರೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಆ ಹುಡುಗರು ಮೆಲ್ಲಗೆ ಕೇಳುತ್ತಾರೆ: "ಮಾರಾಯ್ರೆ, ಕೂದ್ಲು ಉದುರುದಕ್ಕೆ ಎಂತಾದ್ರೂ ಒಳ್ಳೇದಿದ್ರೆ ಕೊಡಿ." ನನ್ನ ಹಣೆಯೂ ಇಪ್ಪತ್ತಾರರಲ್ಲೇ ಮೇಲೇರತೊಡಗಿತ್ತು. ಈಗ ನಲವತ್ತು ದಾಟಿದ್ದೇನೆ, ನೆತ್ತಿ ಇನ್ನೂ ಮುಚ್ಚಿಯೇ ಇದೆ. ಔಷಧ ಮಾರುವವನಾಗಿ ತಿಳಿದದ್ದು, ನನ್ನ ತಲೆಯ ಮೇಲೆ ಮಾಡಿ ಕಂಡದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ದೂರುವುದು ನೀರನ್ನು. ಊರ ಬಾವಿ ನೀರಲ್ಲಿ ಮೀಯುವಾಗ ಚೆನ್ನಾಗಿತ್ತು, ಇಲ್ಲಿಯ ಟ್ಯಾಂಕರ್ ನೀರು ತಲೆಗೆ ಬಿದ್ದದ್ದೇ ಹೋಯಿತು ಅನ್ನುತ್ತಾರೆ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಕಟ್ಟಿಸುತ್ತದೆ. ಬೋಳು ಮಾಡುವುದಿಲ್ಲ. ಅದೇ ನೀರು ಹಿಂದಲೆಗೂ ಬೀಳುತ್ತದೆ, ಬೈಕಿನ ಹೆಲ್ಮೆಟ್ ಹಿಂದಲೆಯನ್ನೂ ಮುಚ್ಚುತ್ತದೆ. ಆದರೂ ಎಂಬತ್ತರ ಅಜ್ಜನಿಗೂ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹಿಂದೆ ಕೂದಲು ಉಳಿದೇ ಇರುತ್ತದೆ. ಹೋಗುವುದು ಹಣೆಯ ಎರಡು ಮೂಲೆ ಮತ್ತು ಸುಳಿಯ ಸುತ್ತಲಿನ ಜಾಗ. ಅಂದಮೇಲೆ ಕಾರಣ ಒಳಗಿನದು.

ಗಂಡಸರ ಮೈಯ ಟೆಸ್ಟೋಸ್ಟಿರಾನನ್ನು ಫೈವ್ ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನಾಗಿ ಬದಲಿಸುತ್ತದೆ. ಅನುವಂಶೀಯವಾಗಿ ಕೆಲವರ ಹಣೆ ಮತ್ತು ನೆತ್ತಿಯ ಕೂದಲ ಬುಡಗಳಿಗೆ ಈ ಡಿಎಚ್‌ಟಿ ಆಗಿಬರುವುದಿಲ್ಲ. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಅದೇ ಬುಡದಿಂದ ಮತ್ತೆ ಹುಟ್ಟುತ್ತದೆ. ಡಿಎಚ್‌ಟಿ ತಾಗಿದ ಬುಡದಲ್ಲಿ ಆ ಬೆಳೆಯುವ ಅವಧಿ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತದೆ, ಹುಟ್ಟುವ ಕೂದಲೂ ತೆಳುವಾಗುತ್ತದೆ. ಕೊನೆಗೆ ಉಳಿಯುವುದು ಹಸುಗೂಸಿನ ಮೈರೋಮದಷ್ಟು ಸಣ್ಣ ಎಳೆ. ದಿಂಬಿನ ಮೇಲೆ ಬಿದ್ದ ಕೂದಲು ಎಣಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದು ಇದಕ್ಕೇ. ದಿನಕ್ಕೆ 50ರಿಂದ 100 ಉದುರುವುದು ಯಾರಿಗೂ ಸಹಜ. ನೋಡಬೇಕಾದದ್ದು ತಲೆಯಲ್ಲಿ ಉಳಿದ ಕೂದಲಿನ ದಪ್ಪವನ್ನು.

"ಅಮ್ಮನ ಅಪ್ಪನ ತಲೆ ನೋಡು" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೂದಲ ಬುಡದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ (ರಿಸೆಪ್ಟರ್) ಜೀನ್ ತಾಯಿಯ ಕಡೆಯ ಎಕ್ಸ್ ಕ್ರೋಮೋಸೋಮ್‌ನಲ್ಲಿ ಬರುತ್ತದೆ. ಆದರೆ ತಂದೆಯ ಕಡೆಯಿಂದಲೂ ಹಲವು ಜೀನ್‌ಗಳು ಸೇರುತ್ತವೆ. ನಮ್ಮ ಮನೆಯಲ್ಲಿ ಅಪ್ಪಯ್ಯನೂ ಬೋಳು, ಸೋದರಮಾವನೂ ಬೋಳು. ನನಗೆ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆದರೂ ಅಂಗಡಿಯ ಕಪಾಟಿನಿಂದ ಬಾಟಲಿ ತೆಗೆದು ಹಚ್ಚಿಕೊಳ್ಳದೆ ಮೊದಲು ಮಾತುಂಗಾದ ಒಬ್ಬ ಚರ್ಮವೈದ್ಯರಿಗೆ ತಲೆ ತೋರಿಸಿದೆ. ಈ ಹೆಜ್ಜೆಯನ್ನು ಯಾರೂ ದಾಟಿ ಹೋಗಬಾರದು, ಏಕೆಂದರೆ ಉದುರುವುದೆಲ್ಲ ಒಂದೇ ರೋಗವಲ್ಲ. ಪ್ರತಿ ವರ್ಷ ಮಳೆಗಾಲದಲ್ಲಿ ಇಲ್ಲಿ ಡೆಂಗ್ಯೂ, ಮಲೇರಿಯಾ. ಜ್ವರ ಬಿಟ್ಟು ಎರಡು-ಮೂರು ತಿಂಗಳಾದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಅದೇ ಜನ ಮುಷ್ಟಿಗಟ್ಟಲೆ ಕೂದಲು ಉದುರುತ್ತಿದೆ ಎಂದು ಬರುತ್ತಾರೆ. ದೊಡ್ಡ ಜ್ವರ, ಆಪರೇಷನ್, ಉಪವಾಸದಂಥ ಡಯಟ್, ಇವು ಬೆಳೆಯುತ್ತಿದ್ದ ಕೂದಲಿನಲ್ಲಿ ಬಹಳಷ್ಟನ್ನು ಒಟ್ಟಿಗೆ ವಿಶ್ರಾಂತಿಗೆ ತಳ್ಳುತ್ತವೆ. ಮೂರು ತಿಂಗಳ ನಂತರ ಅವು ಒಟ್ಟಿಗೇ ಉದುರುತ್ತವೆ. ಬುಡ ಹಾಳಾಗಿರುವುದಿಲ್ಲವಾದ್ದರಿಂದ ಆರು ತಿಂಗಳೊಳಗೆ ಹೆಚ್ಚಾಗಿ ತಾನೇ ಹಿಡಿತಕ್ಕೆ ಬರುತ್ತದೆ. ಅಂಥವರಿಗೆ ನಾನು ಏನನ್ನೂ ಮಾರುವುದಿಲ್ಲ. ಊಟ ಸರಿ ಮಾಡಿ, ತಡೆಯಿರಿ ಅನ್ನುತ್ತೇನೆ. ನಾಣ್ಯದಷ್ಟು ಗುಂಡಗೆ ಒಂದೇ ಕಡೆ ಹೋದರೆ ಅದು ಬೇರೆಯೇ ಕಾಯಿಲೆ. ಉರಿ, ಕೀವು, ಹೊಳೆಯುವ ಕಲೆ ಇದ್ದರೆ ಮತ್ತೂ ಬೇರೆ, ತಡಮಾಡಿದರೆ ಬುಡವೇ ಸಾಯುತ್ತದೆ. 2024ರ ಕೊನೆಯಲ್ಲಿ ನಮ್ಮದೇ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ಬೋಳಾದರಲ್ಲ, ಅದನ್ನು ಪರಿಶೀಲಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಬೊಟ್ಟುಮಾಡಿದ್ದು ಗೋಧಿಯಲ್ಲಿದ್ದ ಅತಿಯಾದ ಸೆಲೆನಿಯಂ ಎಂಬ ಖನಿಜಾಂಶದ ಕಡೆಗೆ. ಕೂದಲಿಗೆ ಒಳ್ಳೆಯದೆಂದು ಸೆಲೆನಿಯಂ ಇರುವ ಮಾತ್ರೆಗಳನ್ನು ಮನಸ್ಸಿಗೆ ಬಂದಷ್ಟು ನುಂಗುವವರು ಇದನ್ನು ನೆನಪಿಡಬೇಕು.

ಡಾಕ್ಟರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಹಿಡಿದು ನನ್ನ ನೆತ್ತಿಯನ್ನು ಪರದೆಯ ಮೇಲೆ ತೋರಿಸಿದರು. ದಪ್ಪ ಕೂದಲ ಪಕ್ಕದಲ್ಲೇ ಸಣ್ಣ ಕೂದಲು, ಎಲ್ಲವೂ ಕಲಸಿಕೊಂಡಿದ್ದವು. ಹಿಂದಲೆಯಲ್ಲಿ ಎಲ್ಲವೂ ಒಂದೇ ದಪ್ಪ. ರೋಗನಿರ್ಣಯ ಅಷ್ಟಕ್ಕೇ ಮುಗಿಯಿತು. ಥೈರಾಯ್ಡ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ), ಬಿ12, ಡಿ ವಿಟಮಿನ್ ನೋಡಿಸಿದರು. ಶುದ್ಧ ಸಸ್ಯಾಹಾರಿಯಾದ ನನಗೆ ಬಿ12 ಕಡಿಮೆಯಿತ್ತು, ಅದನ್ನು ಬೇರೆಯಾಗಿ ಸರಿಪಡಿಸಿದೆವು. ಆಗ ಅವರು ಹೇಳಿದ ಮಾತೊಂದು ನನ್ನ ಇಡೀ ಚಿಕಿತ್ಸೆಯ ದಿಕ್ಕನ್ನು ತಿದ್ದಿತು: ಸಣ್ಣಗಾದ ಕೂದಲನ್ನು ದಪ್ಪ ಮಾಡಬಹುದು, ನುಣ್ಣಗಾದ ಜಾಗದಲ್ಲಿ ಔಷಧ ಕೂದಲು ಹುಟ್ಟಿಸುವುದಿಲ್ಲ.

ಮೊದಲು ಶುರುಮಾಡಿದ್ದು ಮಿನೊಕ್ಸಿಡಿಲ್. ಇದು ಮೂಲದಲ್ಲಿ ರಕ್ತದೊತ್ತಡದ ಮಾತ್ರೆ. ತಿಂದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಗಂಡಸರಿಗೆ ಶೇ. 2ರದ್ದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಗಂಡಸರು ಬಳಸುವುದು ಶೇ. 5ರದ್ದು. ಬೆಳಿಗ್ಗೆ 1 ಮಿಲಿ, ರಾತ್ರಿ 1 ಮಿಲಿ. 60 ಮಿಲಿಯ ಬಾಟಲಿ ಸರಿಯಾಗಿ ಒಂದು ತಿಂಗಳು.

ಹಚ್ಚುವ ವಿಧಾನದಲ್ಲೇ ಹೆಚ್ಚಿನವರು ಎಡವುತ್ತಾರೆ. ಎಣ್ಣೆಯಂತೆ ಅಂಗೈಗೆ ಸುರಿದು ತಲೆಗೆ ಬಳಿದರೆ ಔಷಧವೆಲ್ಲ ಕೂದಲಿಗೆ ಅಂಟಿ ಹೋಯಿತು. ಬೇಕಾದದ್ದು ಬುಡದ ಚರ್ಮಕ್ಕೆ. ನಾನು ಒಣಗಿದ ತಲೆಯಲ್ಲಿ ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು, ಆ ಗೆರೆಯುದ್ದಕ್ಕೂ ಡ್ರಾಪರ್‌ನಿಂದ ಹನಿಹನಿಯಾಗಿ ಬಿಟ್ಟು, ಬೆರಳ ತುದಿಯಲ್ಲಿ ಹರಡುತ್ತೇನೆ. ಆಮೇಲೆ ಪಕ್ಕದಲ್ಲಿ ಇನ್ನೊಂದು ಬೈತಲೆ. ಕೈ ತೊಳೆದುಕೊಳ್ಳಲೇಬೇಕು, ಇಲ್ಲವಾದರೆ ಕೆನ್ನೆ ಹಣೆಯ ಮೇಲೂ ರೋಮ ಬರುತ್ತದೆ. ಮುಂಬಯಿಯ ಸೆಕೆಯಲ್ಲಿ ಬೆಳಗಿನದ್ದು ಕಷ್ಟ. ಹಚ್ಚಿ ಕೂಡಲೇ ಲೋಕಲ್ ಹತ್ತಿದರೆ ಬೆವರಿನ ಜತೆ ಹಣೆಗಿಳಿದು ಕಣ್ಣುರಿಸುತ್ತದೆ. ಎದ್ದ ತಕ್ಷಣ ಸ್ನಾನ, ತಲೆ ಒರೆಸಿ ಔಷಧ, ಆಮೇಲೆ ತಿಂಡಿ, ಪೇಪರು, ಹೊರಡುವಷ್ಟರಲ್ಲಿ ಆರಿರುತ್ತದೆ. ರಾತ್ರಿಯದ್ದು ಮಲಗುವುದಕ್ಕೆ ಎರಡು ತಾಸಾದರೂ ಮೊದಲು. ಮನೆಯಲ್ಲಿ ಬೆಕ್ಕಿದ್ದರೆ ತುಂಬ ಎಚ್ಚರ. ಮಿನೊಕ್ಸಿಡಿಲ್ ಬೆಕ್ಕಿಗೆ ವಿಷ, ದಿಂಬು ನೆಕ್ಕಿದರೂ ಅಪಾಯ. ತುರಿಕೆಯಾದವರಿಗೆ ಅದು ಹೆಚ್ಚಾಗಿ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ. ಅದಿಲ್ಲದ ಫೋಮ್‌ಗೆ ಬದಲಿಸಿದರೆ ಸಾಕಾಗುತ್ತದೆ. ಎದೆ ಡವಗುಟ್ಟಿದರೆ, ಕಾಲು ಊದಿದರೆ ಮಾತ್ರ ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು.

ಶುರುಮಾಡಿದ ಕೆಲವು ವಾರಗಳಲ್ಲಿ ಉದುರುವುದು ಹೆಚ್ಚಾಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಧೈರ್ಯ ಇತ್ತು. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ತಳ್ಳಿ ಹೊಸದು ಬರುವಾಗ ಹೀಗಾಗುತ್ತದೆ. ನನ್ನಿಂದ ಬಾಟಲಿ ಕೊಂಡವರಲ್ಲಿ ಎಷ್ಟೋ ಜನ ಈ ಹಂತದಲ್ಲೇ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮದುವೆಗೆ ತಿಂಗಳಿರುವಾಗ ಬಂದ ಮದುಮಗನಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಕನ್ನಡಿಯನ್ನು ನಂಬಬೇಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಅದೇ ಬಲ್ಬಿನ ಕೆಳಗೆ, ಒಣಗಿದ ಕೂದಲಿನಲ್ಲಿ, ಅದೇ ಕೋನದಿಂದ ಮೂರು ತಿಂಗಳಿಗೊಮ್ಮೆ ಹೆಂಡತಿಯ ಕೈಯಲ್ಲಿ ಫೋಟೋ ತೆಗೆಸುತ್ತ ಬಂದೆ. ವರ್ಷದ ಫೋಟೋ ನೋಡಿದಾಗ ಸುಳಿಯ ಸುತ್ತ ದಟ್ಟವಾಗಿತ್ತು. ಹಣೆಯ ಮೂಲೆಗಳು ಹಾಗೆಯೇ ಇದ್ದವು, ಆದರೆ ಇನ್ನೂ ಮೇಲೇರಿರಲಿಲ್ಲ. ಅದನ್ನು ನಾನು ಗೆಲುವೆಂದೇ ಲೆಕ್ಕ ಹಾಕಿದೆ.

ಎರಡನೆಯದು ಫಿನಾಸ್ಟರೈಡ್ 1 ಮಿಗ್ರಾಂ ಮಾತ್ರೆ, ದಿನಕ್ಕೊಂದು. ಮಿನೊಕ್ಸಿಡಿಲ್ ಬೆಳವಣಿಗೆಗೆ ಒತ್ತುಕೊಟ್ಟರೆ ಇದು ಮೂಲ ಕಾರಣವಾದ ಡಿಎಚ್‌ಟಿಯನ್ನೇ ಇಳಿಸುತ್ತದೆ. ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿನಿಂದಲೇ ಆ ಕಿಣ್ವದ ಕೊರತೆಯಿದ್ದ ಕುಟುಂಬಗಳ ಬಗ್ಗೆ 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಬರೆದರು. ಅಲ್ಲಿನ ಆ ಗಂಡಸರಿಗೆ ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ, ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು. ಹಾಗಾದರೆ ಆ ಕಿಣ್ವವನ್ನು ಮಾತ್ರೆಯಿಂದ ತಡೆದರೆ? 1992ರಲ್ಲಿ 5 ಮಿಗ್ರಾಂ ಊದಿದ ಪ್ರಾಸ್ಟೇಟಿಗೆ, 1997ರಲ್ಲಿ 1 ಮಿಗ್ರಾಂ ಕೂದಲಿಗೆ ಒಪ್ಪಿಗೆ ಪಡೆಯಿತು. ಎರಡು ವರ್ಷದ ಪ್ರಯೋಗದಲ್ಲಿ ಮಾತ್ರೆ ತಿಂದ ಶೇ. 83ರಷ್ಟು ಗಂಡಸರ ನೆತ್ತಿಯ ಕೂದಲಿನ ಎಣಿಕೆ ಇಳಿಯಲಿಲ್ಲ. ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಹಾಗೆ ಉಳಿದದ್ದು ಶೇ. 28.

ಇದನ್ನು ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಎಷ್ಟೇ ಪರಿಚಯದವರಿರಲಿ. ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ ಪ್ರಯೋಗಗಳಲ್ಲಿ ಶೇ. 3.8 ಜನರಲ್ಲಿ ಕಂಡಿತ್ತು, ಹುಸಿ ಮಾತ್ರೆಯವರಲ್ಲಿ ಶೇ. 2.1. ಬಿಟ್ಟ ಮೇಲೂ ತೊಂದರೆ ಉಳಿಯಿತು ಎಂದು ಹೇಳಿದವರಿದ್ದಾರೆ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆಗಳನ್ನೂ ಇದರ ಅಡ್ಡಪರಿಣಾಮವೆಂದು ಖಚಿತಪಡಿಸಿತು. ಆದ್ದರಿಂದ ಮೊದಲೇ ಖಿನ್ನತೆ ಇದ್ದವರು ಅದನ್ನು ಡಾಕ್ಟರರಿಗೆ ಮುಚ್ಚಿಡದೆ ಹೇಳಬೇಕು, ಮಾತ್ರೆ ಶುರುವಾದ ಮೇಲೆ ಮನಸ್ಸು ಕುಸಿದರೆ ನಿಲ್ಲಿಸಿ ಕೂಡಲೇ ಅವರನ್ನು ಕಾಣಬೇಕು. ನಾನು ಹೆಂಡತಿಯ ಜತೆ ಕೂತು ಮಾತಾಡಿಯೇ ಶುರುಮಾಡಿದ್ದು. ನನ್ನಲ್ಲಿ ಬದಲಾವಣೆ ಕಂಡರೆ ನನಗಿಂತ ಮೊದಲು ಗೊತ್ತಾಗುವುದು ಅವಳಿಗೆ. ಮಗು ಬೇಕೆಂದಾಗ ಡಾಕ್ಟರರನ್ನು ಕೇಳಿ ಕೆಲವು ಕಾಲ ಬಿಟ್ಟಿದ್ದೆ. ಆಗ ಸ್ವಲ್ಪ ತೆಳುವಾಯಿತು, ಮತ್ತೆ ಶುರುಮಾಡಿದ ಮೇಲೆ ನಿಂತಿತು. ಈ ಎರಡು ಔಷಧಗಳ ಗುಣವೇ ಹಾಗೆ, ಬಿಟ್ಟರೆ ಉಳಿಸಿದ್ದು ತಿಂಗಳುಗಳಲ್ಲಿ ಹೋಗುತ್ತದೆ.

ಹಣ ಉಳಿಸಲು 5 ಮಿಗ್ರಾಂ ಮಾತ್ರೆಯನ್ನು ತುಂಡು ಮಾಡಿ ತಿನ್ನುವವರಿದ್ದಾರೆ. ಮನೆಯಲ್ಲಿ ಬಸುರಿ ಇದ್ದರೆ ಆ ಪುಡಿ ಅವರ ಕೈಗೆ ತಾಗಲೇಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅದರಿಂದ ತೊಂದರೆ. ಅದೇ ಕಾರಣಕ್ಕೆ, ನಮ್ಮ ಸಂಘಗಳ ರಕ್ತದಾನ ಶಿಬಿರಕ್ಕೆ ಹೋದಾಗಲೂ ಈ ಮಾತ್ರೆ ತಿನ್ನುವುದನ್ನು ಹೇಳಿ. ನಿಲ್ಲಿಸಿ ತಿಂಗಳಾಗದೆ ರಕ್ತ ಕೊಡಬಾರದು.

ಎಣ್ಣೆಯ ಬಗ್ಗೆ ಅಮ್ಮಂದಿರ ಜತೆ ವಾದಿಸಲು ನನಗೆ ಇಷ್ಟವಿಲ್ಲ. ಕೊಬ್ಬರಿಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಮುಂಬಯಿಯದೇ, ಅದೇ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳದ್ದು. ಕೂದಲಿಗೆ ಒಳ್ಳೆಯದು, ಹಚ್ಚಿ. ಡಿಎಚ್‌ಟಿಯನ್ನು ಅದು ತಡೆಯುವುದಿಲ್ಲ, ಗರುಗದ ಎಣ್ಣೆ, ದಾಸವಾಳ, ನೀರುಳ್ಳಿ ರಸವೂ ಅಷ್ಟೇ. ತಲೆಹೊಟ್ಟು ಇದ್ದವರು ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೆ ಹೊಟ್ಟು ಹೆಚ್ಚುತ್ತದೆ, ಆ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಅವರಿಗೆ ಕೀಟೊಕೊನಜೋಲ್ ಶಾಂಪೂ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ತಿರುಪತಿಯಲ್ಲಿ ಮುಡಿ ಕೊಟ್ಟರೆ ಅದು ಭಕ್ತಿ. ಬೋಳಿಸಿದ್ದರಿಂದ ಬುಡ ಬದಲಾಗುವುದಿಲ್ಲ. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಅದರ ಕೊರತೆ ಇಲ್ಲದವರಿಗೆ ವ್ಯರ್ಥ. ಮೇಲಾಗಿ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ ತಪ್ಪಿಸುತ್ತದೆ.

ಹಿಂದಲೆಯ ಕೂದಲು ತೆಗೆದು ಮುಂದೆ ನೆಡುವ ಕಸಿ ಮಾಡಿಸಬೇಕೆನ್ನುವ ಹುಡುಗರನ್ನು ಕೂರಿಸಿ ಮಾತಾಡುತ್ತೇನೆ. ಹಿಂದಲೆಯ ಕೂದಲಿಗೆ ಡಿಎಚ್‌ಟಿ ತಾಗುವುದಿಲ್ಲ, ಮುಂದೆ ನೆಟ್ಟರೂ ಅದು ತನ್ನ ಗುಣ ಬಿಡುವುದಿಲ್ಲ, ಕಸಿ ನಿಂತಿರುವುದು ಆ ಒಂದೇ ಆಧಾರದ ಮೇಲೆ. ಆದರೆ ಹಿಂದಲೆಯಲ್ಲಿರುವುದು ಎಷ್ಟೋ ಅಷ್ಟೇ. ನನಗೆ ಗೊತ್ತಿರುವ ಒಬ್ಬ ಹುಡುಗ ಇಪ್ಪತ್ಮೂರಕ್ಕೆ ಹಣೆಯಂಚಿಗೆ ದಟ್ಟವಾಗಿ ನೆಡಿಸಿಕೊಂಡ. ಔಷಧ ತೆಗೆದುಕೊಳ್ಳಲಿಲ್ಲ. ನೆಟ್ಟ ಸಾಲು ಉಳಿಯಿತು, ಅದರ ಹಿಂದಿನದು ಹೋಯಿತು. ಈಗ ತುಂಬಲು ಹಿಂದಲೆಯಲ್ಲಿ ಸಾಕಷ್ಟು ಕೂದಲಿಲ್ಲ. ಉದುರುವುದು ಔಷಧದಿಂದ ಹಿಡಿತಕ್ಕೆ ಬಂದ ಮೇಲೆ ಮಾತ್ರ ಕಸಿಯ ಯೋಚನೆ ಮಾಡಬೇಕು. ಕತ್ತಿ ಹಿಡಿಯುವವರು ಯಾರು ಎಂದೂ ಕೇಳಬೇಕು. ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಐವತ್ತು ದಾಟಿಯೂ ಫಿನಾಸ್ಟರೈಡ್ ಮುಂದುವರಿಸುವವರಿಗೆ ಒಂದು ಮಾತು ಹೇಳಿಯೇ ಮಾತ್ರೆ ಕಟ್ಟಿಕೊಡುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೇ ಎಂದು ನೋಡುವ ಪಿಎಸ್‌ಎ ಪರೀಕ್ಷೆಯ ಅಂಕಿ ಈ ಮಾತ್ರೆಯಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವರದಿಯಲ್ಲಿ 2 ಎಂದಿದ್ದರೆ ಡಾಕ್ಟರು ಅದನ್ನು 4 ಎಂದು ಓದಬೇಕು. ಕೂದಲಿನ ಮಾತ್ರೆಯಲ್ಲವೇ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಹೇಳದೆ ಬಿಡುವವರೇ ಹೆಚ್ಚು. ಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ಹೆಸರನ್ನು ಡಾಕ್ಟರರಿಗೆ ಹೇಳಿ, ಲ್ಯಾಬಿನ ಚೀಟಿಯ ಮೇಲೂ ಬರೆಸಿ.