ಟ್ಯಾಸಿಟಸ್‌ನ ಒಂದು ಭಾಷಣವನ್ನು ಸಂಶೋಧನೆಯ ನೆರವಿನಿಂದ ಓದುವ ಬಗೆ

ರೋಮನ್ ಗದ್ಯಕಾರರನ್ನು ಕುರಿತ ಆಧುನಿಕ ಸಂಶೋಧನೆ ಅಪಾರವಾಗಿ ಬೆಳೆದಿರುವುದರಿಂದ, ಗ್ರಂಥಗಳ ಪಟ್ಟಿ ಹಿಡಿದು ಹೊರಟವರಿಗಿಂತ ಒಂದೆರಡು ಅಧ್ಯಾಯಗಳನ್ನು ಆರಿಸಿಕೊಂಡು ಅಲ್ಲೇ ಬೀಡುಬಿಟ್ಟವರಿಗೆ ಹೆಚ್ಚು ದಕ್ಕುತ್ತದೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನ ‘ಆನಲ್ಸ್’ ಕೃತಿಯ 11ನೆಯ ಪುಸ್ತಕದ 23ರಿಂದ 25ರವರೆಗಿನ ಅಧ್ಯಾಯಗಳು ಇದಕ್ಕೆ ತಕ್ಕವು. ಗಾಲ್ (ಇಂದಿನ ಫ್ರಾನ್ಸ್ ಸುತ್ತಲಿನ) ಪ್ರಾಂತ್ಯದ ಪ್ರಮುಖರಿಗೂ ಸೆನೆಟ್‌ನಲ್ಲಿ ಸ್ಥಾನ ಕೊಡಬೇಕೆಂದು ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 48ರಲ್ಲಿ ಮಾಡಿದ ಭಾಷಣ ಅಲ್ಲಿದೆ. ಅದೇ ಭಾಷಣವನ್ನು ಕೊರೆದ ಕಂಚಿನ ಫಲಕವೊಂದು 1528ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಸಿಕ್ಕಿದೆ. ಇತಿಹಾಸಕಾರನು ಬರೆದ ಭಾಷಣವನ್ನು ಶಾಸನದ ಪಕ್ಕದಲ್ಲಿಟ್ಟು ನೋಡುವ ಇಂಥ ಅವಕಾಶ ತೀರ ಅಪರೂಪ.

ಮೊದಲು ಅನುವಾದದಲ್ಲಿ ಈ ಮೂರು ಅಧ್ಯಾಯಗಳನ್ನು ಎರಡು ಬಾರಿ ಓದಿ. ಲ್ಯಾಟಿನ್ ಅಲ್ಪಸ್ವಲ್ಪ ಬಲ್ಲವರಿಗೆ ಎದುರುಬದುರು ಪುಟಗಳಲ್ಲಿ ಮೂಲ ಮತ್ತು ಇಂಗ್ಲಿಷ್ ಅನುವಾದವಿರುವ ಲೋಬ್ ಮಾಲೆ ಅನುಕೂಲ. ಆಮೇಲೆ ಪರಿಷ್ಕೃತ ಆವೃತ್ತಿಯೊಂದನ್ನು ತೆರೆದು ಪುಟದ ಕೆಳಗಿನ ಪಾಠಾಂತರಗಳನ್ನು ಗಮನಿಸಿ. ನಮ್ಮ ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳನ್ನು ಬಳಸಿದವರಿಗೆ ಈ ಪದ್ಧತಿ ಹೊಸದಲ್ಲ. ‘ಆನಲ್ಸ್’ನ ಈ ಭಾಗಕ್ಕೆ ಮುಖ್ಯ ಆಧಾರ ಇಟಲಿಯ ಮಾಂಟೆ ಕಸೀನೋ ಮಠದಲ್ಲಿ 11ನೆಯ ಶತಮಾನದಲ್ಲಿ ಬರೆದ, ಈಗ ಫ್ಲಾರೆನ್ಸಿನ ಲಾರೆನ್ಶಿಯನ್ ಗ್ರಂಥಾಲಯದಲ್ಲಿರುವ ಒಂದು ಹಸ್ತಪ್ರತಿ. ಲೈಡನ್‌ನಲ್ಲಿರುವ 15ನೆಯ ಶತಮಾನದ ಪ್ರತಿಗೆ ಸ್ವತಂತ್ರ ಮೌಲ್ಯವುಂಟು, ಅಂದರೆ ಅದು ಫ್ಲಾರೆನ್ಸಿನ ಪ್ರತಿಯಿಂದ ಇಳಿದದ್ದಲ್ಲ ಎಂಬ ವಾದ ಕಳೆದ ಶತಮಾನದ ಮಧ್ಯದಲ್ಲಿ ಎದ್ದು, ಮುಂದೆ ಬಲ ಕಳೆದುಕೊಂಡಿತು. ಆದ್ದರಿಂದ ಆವೃತ್ತಿ ಯಾವ ವರ್ಷದ್ದೆಂದು ನೋಡದೆ ಅದರ ಪಾಠವನ್ನು ನಂಬಬಾರದು.

ಈಗ ಫಲಕಕ್ಕೆ ಬನ್ನಿ. ಇಡೀ ಅಭ್ಯಾಸದ ಸ್ವಾರಸ್ಯ ಇಲ್ಲಿದೆ, ಅವಸರ ಬೇಡ. ಫಲಕದ ಕ್ಲಾಡಿಯಸ್ ರೋಮಿನ ಅರಸರ ಮೂಲವನ್ನು ಕೆದಕುತ್ತಾ, ಸರ್ವಿಯಸ್ ತುಲ್ಲಿಯಸ್‌ನನ್ನು ಎಟ್ರುಸ್ಕನ್ನರು (ರೋಮಿನ ಉತ್ತರಕ್ಕಿದ್ದ ಪ್ರಾಚೀನ ಜನರು) ಮಸ್ತಾರ್ನ ಎಂದು ಕರೆಯುತ್ತಿದ್ದರೆಂಬ ಪಾಂಡಿತ್ಯದ ವಿಷಯಕ್ಕೆ ಹೊರಳುತ್ತಾನೆ. ನಡುವೆ ಮಾತು ಎಲ್ಲಿಗೆ ಹೊರಟಿದೆಯೆಂದು ಈಗಲಾದರೂ ಸೆನೆಟರರಿಗೆ ತಿಳಿಸು ಎಂಬ ವಾಕ್ಯ ಬರುತ್ತದೆ. ಅದು ಅವನು ತನಗೇ ಹೇಳಿಕೊಂಡದ್ದೋ, ಸಭಿಕರೊಬ್ಬರ ಕೂಗೋ ಎಂಬ ಚರ್ಚೆಯುಂಟು. ತನಗಾಗದವನೊಬ್ಬನನ್ನು ಹೆಸರೆತ್ತದೆ ಬೈಯುವುದೂ ಇದೆ. ಟ್ಯಾಸಿಟಸ್‌ನಲ್ಲಿ ಇವು ಯಾವುವೂ ಇಲ್ಲ. ಅವನ ಕ್ಲಾಡಿಯಸ್ ರೋಮಿನ ನೆರೆಯ ಸಬೈನ್ ಜನಾಂಗದ ತನ್ನ ಪೂರ್ವಜ ಕ್ಲಾಸಸ್‌ನಿಂದ ಆರಂಭಿಸಿ, ಸೋತವರನ್ನು ಪರಕೀಯರೆಂದು ದೂರವಿಟ್ಟದ್ದರಿಂದಲೇ ಸ್ಪಾರ್ಟಾ ಮತ್ತು ಅಥೆನ್ಸ್ ಕೆಟ್ಟವೆಂದು ಬಿಗಿಯಾಗಿ ವಾದಿಸುತ್ತಾನೆ.

ಈ ವ್ಯತ್ಯಾಸಗಳನ್ನು ಎರಡು ಕಾಲಂಗಳಲ್ಲಿ ಬರೆದಿಡಿ. ಆದರೆ ಫಲಕದಲ್ಲಿ ಇಲ್ಲದ್ದೆಲ್ಲ ಟ್ಯಾಸಿಟಸ್ ಸೇರಿಸಿದ್ದೆಂದು ತೀರ್ಮಾನಿಸಬೇಡಿ, ಏಕೆಂದರೆ ಫಲಕದ ಮೇಲ್ಭಾಗ ಒಡೆದುಹೋಗಿದೆ. ಅವನು ಬಿಟ್ಟದ್ದರ ಬಗ್ಗೆ ಮಾತ್ರ ಧೈರ್ಯವಾಗಿ ಮಾತಾಡಬಹುದು.

ವಿದ್ವಾಂಸರ ವಾದಗಳಿಗೆ ಇಷ್ಟಾದ ಮೇಲೆಯೇ ಕೈಹಾಕಬೇಕು. ಎಸ್. ಜೆ. ವಿ. ಮಲಾಕ್ 2013ರಲ್ಲಿ ಪ್ರಕಟಿಸಿದ 11ನೆಯ ಪುಸ್ತಕದ ವ್ಯಾಖ್ಯಾನದಲ್ಲಿ ಈ ಅಧ್ಯಾಯಗಳ ಭಾಗವನ್ನಷ್ಟೇ ಓದಿದರೂ ಸಾಕು. 1958ರಲ್ಲಿ ಎರಡು ಸಂಪುಟಗಳ ಅಧ್ಯಯನ ಪ್ರಕಟಿಸಿದ ರೊನಾಲ್ಡ್ ಸೈಮ್, ಟ್ಯಾಸಿಟಸ್ ಸೆನೆಟ್‌ನ ನಡಾವಳಿಗಳನ್ನು ಸ್ವತಃ ನೋಡಿದ್ದನೆಂಬ ಪಕ್ಷದವರು. ಪ್ರಾಚೀನ ಇತಿಹಾಸ ಬರವಣಿಗೆ ವಾಗ್ಮಿತೆಯದೇ ಒಂದು ಕವಲೆಂದು 1988ರಲ್ಲಿ ಎ. ಜೆ. ವುಡ್‌ಮನ್ ವಾದಿಸಿದರು. ಎರಡನ್ನೂ ಓದುವಾಗ ನಿಮ್ಮ ಪಟ್ಟಿ ಪಕ್ಕದಲ್ಲಿರಲಿ. ದಾಖಲೆ ನೋಡಿದ್ದನೆಂಬುದಕ್ಕೂ ಮಾತನ್ನು ಹೊಸದಾಗಿ ಕಟ್ಟಿದನೆಂಬುದಕ್ಕೂ ವಿರೋಧವಿಲ್ಲ ಎಂದು ನನಗನ್ನಿಸುತ್ತದೆ. ಈ ಭಾಷಣದಲ್ಲಿ ಎರಡೂ ನಡೆದಿರುವಂತಿದೆ.

ಟಿಪ್ಪಣಿ ಬರೆಯುವಾಗ ಪುಟಸಂಖ್ಯೆಯ ಬದಲು ‘ಆನಲ್ಸ್’ 11.24 ಎಂದು ಪುಸ್ತಕ ಹಾಗೂ ಅಧ್ಯಾಯಗಳನ್ನೇ ನಮೂದಿಸಿ, ಏಕೆಂದರೆ ಪುಟಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಫಲಕಕ್ಕೆ ಲ್ಯಾಟಿನ್ ಶಾಸನಗಳ ಮಹಾಸಂಕಲನದ 13ನೆಯ ಸಂಪುಟ, ಸಂಖ್ಯೆ 1668 ಎಂದು ಬರೆದರೆ ಯಾವ ದೇಶದ ಓದುಗರಿಗೂ ಅದು ಸಿಗುತ್ತದೆ.